ತಾತ ಬರೆದ ಒಂದು ಸುಳ್ಳು

ಇವತ್ತು ರಂಗೋಲಿಗೆಂದು ಅಕ್ಕಿಹಿಟ್ಟಿನ ಡಬ್ಬ ತೆಗೆದೆ. ಆ ವಾಸನೆಗೆ ತಾತ ನೆನಪಾದರು.

ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಮುಳಬಾಗಿಲು ಸುತ್ತಲಿನ ಶಾಸನ ಓದುವ ಹುಚ್ಚು ಹಿಡಿದಿತ್ತು. ದೇವರಾಯಸಮುದ್ರದ ಕೆರೆ ಹತ್ತಿರದ ಕಲ್ಲೊಂದನ್ನು ತೊಳೆದು ಒಣಗಿಸಿ, ಅಂಗೈಯಿಂದ ಅಕ್ಕಿಹಿಟ್ಟು ಸವರುತ್ತಿದ್ದರು. ಹಿಟ್ಟು ಕೂತ ಅಕ್ಷರಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು. ದಾನ ಕೊಟ್ಟವರ ಹೆಸರಿನ ಮೊದಲ ಅಕ್ಷರ ಮಾತ್ರ ಸವೆದಿತ್ತು. ಅದೊಂದಕ್ಕಾಗಿ ನನ್ನನ್ನೂ ಕರೆದುಕೊಂಡು ಮೂರು ಸಲ ಹೋದರು.

ಮೂರನೇ ಸಲ ತಾತ ನೀರು ತರಲು ಹೋದಾಗ, ನಾನು ಆ ಸವೆದ ಜಾಗದಲ್ಲಿ ಮೊಳೆಯಿಂದ, ಶಾಲೆಯಲ್ಲಿ ಕಲಿತ ದುಂಡನೆಯ ‘ಮ’ ಕೆರೆದಿಟ್ಟೆ.

“ತಾತಾ, ಈಗ ಓದು! ಚೆನ್ನಾಗಿ ಕಾಣ್ತದೆ.”

ಅವರು ಆ ಗೀರಿನ ಮೇಲೆ ಬೆರಳಾಡಿಸಿ, ಕೊಡ ಪಕ್ಕಕ್ಕಿಟ್ಟು ಅಲ್ಲೇ ಕೂತುಬಿಟ್ಟರು.

“ಕಲ್ಲು ಹೇಳ್ದೇ ಇರೋದನ್ನ ನಾವು ಹೇಳಿಸ್ಬಾರ್ದು ಕಣೇ ತಲ್ಲೀ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ್ಲೇ ಬರೀಬೇಕು.”

ನಾನು ಜೋರಾಗಿ ಅತ್ತೆ. ಪಂಚೆಯ ತುದಿಯಿಂದ ನನ್ನ ಮುಖ ಒರೆಸಿ, ನೋಟ್‌ಬುಕ್ ತೆಗೆದರು. “ಅಳ್ಬೇಡ. ಆಗಿದ್ದನ್ನ ಆದಂಗೆ ಬರೆದಿಟ್ರೆ, ಮುಂದೆ ಓದೋರು ಮೋಸ ಹೋಗಲ್ಲ.”

ಆ ನೋಟ್‌ಬುಕ್ ಈಗ ನನ್ನಲ್ಲಿದೆ. ಹಿಟ್ಟು ಮೆತ್ತಿದ ಕೈಯಲ್ಲೇ ಆ ಪುಟ ತೆಗೆದೆ: “ಐದನೇ ಸಾಲಿನ ‘ಮ’ ಮೂಲದ್ದಲ್ಲ, ಯಾರೂ ನಂಬಬಾರದು. ಕೈತಪ್ಪಿ ನಾನೇ ಕೆರೆದೆ.”

ತಾತಾ, ಅದನ್ನು ಇಲ್ಲಿ ತಿದ್ದುತ್ತಿದ್ದೇನೆ. ಕೆರೆದವಳು ನಾನು.