ನೀಲಿಗಟ್ಟಿದ ಹತ್ತರಿ ಅಲಗು

ಪಾರ್ಶ್ವವಾಯು ನನ್ನ ಗಂಡನ ಬಲಗೈಯ ಶಕ್ತಿಯನ್ನು ಕಸಿದುಕೊಂಡ ವರ್ಷ, ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಮರಗೆಲಸ ನಿಂತುಹೋಯಿತು. ಅವರು ಬಡಗಿಯಲ್ಲ, ನನ್ನ ಹಾಗೆಯೇ ಸರ್ಕಾರಿ ಗುಮಾಸ್ತರು. ಆದರೆ ಭಾನುವಾರವಾದರೆ ಸಾಕು, ಉಳಿ, ಹತ್ತರಿ ಹಿಡಿದು ಕೂರುತ್ತಿದ್ದರು. ದುರಸ್ತಿಯವರು ಕಿತ್ತೆಸೆದ ಹಳೆಯ ತೇಗದ ಕಿಟಕಿಗಳನ್ನು ಮೇಲಕ್ಕೆ ಹೊತ್ತು ತಂದು, ಹತ್ತರಿಯಿಂದ ಹೆರೆದು ನುಣುಪು ಮಾಡುತ್ತಿದ್ದರು. ಅದರಿಂದ ಮನೆಗೆ ಎರಡು ಶೆಲ್ಫು, ಒಂದು ಮಣೆ ಆಗಿದ್ದವು.

ಆಸ್ಪತ್ರೆಯಿಂದ ಬಂದ ಮೇಲೆ ಅವರು ಮರಗೆಲಸದ ಸುದ್ದಿಯನ್ನೇ ಎತ್ತಲಿಲ್ಲ. ಚಳಿ ಶುರುವಾದಾಗ, ಒಂದು ದಿನ ನಾನು ಆಫೀಸಿನಿಂದ ಬರುವ ಹೊತ್ತಿಗೆ ಹತ್ತರಿಯ ಅಲಗನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಗೇಟಿನ ಬಳಿ ಚಾಕು, ಕತ್ತರಿ ಸಾಣೆ ಹಿಡಿಯುವ ಭಯ್ಯಾ ಬಂದಿದ್ದನಂತೆ. ಅಲಗು ಮೊಂಡಾಗಿತ್ತು, ಒಂದೇ ಕೈಯಲ್ಲಿ ಮಸೆಯಲು ಆಗದು. ಹೇಗೋ ಮೆಟ್ಟಿಲಿಳಿದು ಹೋಗಿ ಕೊಟ್ಟಿದ್ದರು. ಅವನು ಮೋಟಾರಿನ ಚಕ್ರಕ್ಕೆ ಒತ್ತಿ ಹಿಡಿದದ್ದೇ ಕಿಡಿ ಹಾರಿ ಅಂಚು ಪೂರ್ತಿ ನೀಲಿಗಟ್ಟಿತ್ತು.

"ಚೂಪಾಗಿಯೇ ಇದೆಯಲ್ಲರೀ?" ಎಂದೆ.

"ಕಾದು ಹದ ಹೋಗಿದೆ ಕಣೇ. ನಾಲ್ಕು ಸಲ ತಳ್ಳಿದರೆ ಮತ್ತೆ ಮೊಂಡು. ರುಕೋ, ನಿಲ್ಲಿಸು ಅಂತ ಕೂಗೋಣ ಅಂದ್ರೆ ನನ್ನ ಬಾಯಿಂದ ಮಾತು ಹೊರಡೋದೇ ತಡ ಆಯ್ತು."

ಮಗಳು ಮೊಬೈಲಿನಿಂದ ತಲೆಯೆತ್ತಿ, "ಅಪ್ಪಾ, ನಯಾ ಮಂಗಾ ಲೇತೇ ಹೈಂ ನಾ, ಹೊಸದೇ ತರಿಸೋಣ. ಇದಕ್ಕೆ ಯಾಕೆ ಟೆನ್ಶನ್?" ಎಂದಳು.

"ಬೇಡ. ನೀಲಿ ಇರೋವಷ್ಟನ್ನ ತೇದು ತೆಗೆದ್ರೆ ಹಿಂದೆ ಒಳ್ಳೆ ಉಕ್ಕಿದೆ," ಎಂದರು.

ಮರುದಿನದಿಂದ ಆಫೀಸು ಮುಗಿಸಿ, ಮೆಟ್ರೋದಲ್ಲಿ ನಿಂತುಕೊಂಡೇ ಬಂದು, ಚಹಾ ಕುಡಿದು, ಅಡುಗೆಗೆ ಏಳುವ ಮುಂಚೆ ನಾನೇ ಸಾಣೆಕಲ್ಲಿನ ಮುಂದೆ ಕೂರತೊಡಗಿದೆ. ಹೊರಗೆ ಊರನ್ನೆಲ್ಲ ಮುಸುಕಿದ, ಕಣ್ಣುರಿಸುವ ಚಳಿಗಾಲದ ಹೊಗೆ. ಬಾಲ್ಕನಿಯ ಬಾಗಿಲು ಮುಚ್ಚಿ ಅಡುಗೆಮನೆಯ ನೆಲದ ಮೇಲೆ ಒದ್ದೆ ಗೋಣಿ ಹಾಸಿ ಒರಟು ಕಲ್ಲನ್ನು ಇಟ್ಟುಕೊಳ್ಳುತ್ತಿದ್ದೆ. ಅವರು ಸ್ಟೂಲಿನ ಮೇಲೆ ಕುಳಿತು ಹೇಳಿಕೊಡುತ್ತಿದ್ದರು. "ಅಂಚಿನ ಇಳಿಜಾರು ಪೂರ್ತಿ ಕಲ್ಲಿಗೆ ಕೂರಲಿ. ಹಿಂದೆ ಎತ್ತಬೇಡ." ಇಳಿಜಾರಿಗೆ ಮಗಳ ಮಾರ್ಕರಿನಿಂದ ಬಣ್ಣ ಬಳಿದು ಉಜ್ಜಿದರೆ ಎಲ್ಲಿ ತೇದಿದೆ, ಎಲ್ಲಿ ಬಿಟ್ಟಿದೆ ಎಂಬುದು ಕಾಣುತ್ತಿತ್ತು. ನನ್ನ ಹಿಡಿತ ಯಾವಾಗಲೂ ಒಂದೇ ಮಗ್ಗುಲಿಗೆ ವಾಲುತ್ತಿತ್ತು. ನಲ್ಲಿಯ ನೀರು ಮೂಳೆಗೆ ಇಳಿಯುವಷ್ಟು ತಣ್ಣಗಿತ್ತು. ಎಷ್ಟು ಉಜ್ಜಿದರೂ ನೀಲಿ ಒಂದು ಎಳೆಯಷ್ಟೇ ಹಿಂದೆ ಸರಿಯುತ್ತಿತ್ತು.

ಒಂದು ಸಂಜೆ ಅಲಗನ್ನು ಗೋಣಿಯ ಮೇಲೆ ಹಾಕಿ, "ಸಾಕಾಯ್ತು ರೀ," ಎಂದುಬಿಟ್ಟೆ.

"ನನಗೂ ಸಾಕಾಗಿದೆ," ಎಂದರು ಅವರು.

ಅಲಗಿನ ಮಾತಲ್ಲ ಅದು. ನೋಡಲು ಬಂದವರೆಲ್ಲ ಗುಣವಾಗುತ್ತಿದೆ ಎನ್ನುತ್ತಿದ್ದರು, ಇವರು ಹೌದು ಹೌದು ಎನ್ನುತ್ತಿದ್ದರು. ಇಷ್ಟು ತಿಂಗಳಲ್ಲಿ ನಿಜ ಹೇಳಿದ್ದು ಇದೇ ಮೊದಲು. ನಾನು ಏಳದೆ ಕುಕ್ಕರ್ ಇಡುವ ಹೊತ್ತು ಮೀರಿತು.

ಆಮೇಲೆ ಅವರು ಗೋಡೆ ಹಿಡಿದು ನಿಧಾನವಾಗಿ ನೆಲಕ್ಕಿಳಿದು ನನ್ನ ಪಕ್ಕ ಕುಳಿತರು. ಎಡಗೈಯಿಂದ ಬಲಗೈಯನ್ನು ಎತ್ತಿ ನನ್ನ ಬೆರಳುಗಳ ಮೇಲಿಟ್ಟರು.

"ಶಕ್ತಿ ಇಲ್ಲ, ಭಾರ ಇದೆ. ಈಗ ತೇಯಿ."

ಆ ಭಾರಕ್ಕೆ ಅಲಗು ಅಲ್ಲಾಡದೆ ಕೂತಿತು. ಕೆಲವು ಸಂಜೆಗಳು ಕಳೆಯುವಷ್ಟರಲ್ಲಿ ನೀಲಿ ಪೂರ್ತಿ ಹೋಯಿತು. ನುಣುಪು ಕಲ್ಲಿನ ಮೇಲೆ ಮಸೆದು, ಅಂಚಿನ ಹಿಂಬದಿಯಲ್ಲಿ ಎದ್ದ ಕೂದಲೆಳೆಯಂಥ ತರಿಯನ್ನು ಉಜ್ಜಿ ತೆಗೆದೆವು.

ಭಾನುವಾರ ಸ್ವಲ್ಪ ಬಿಸಿಲು ಬಂದಾಗ ಅವರು ಹತ್ತರಿಯನ್ನು ಎಡಗೈಯಲ್ಲಿ ಹಿಡಿದು, ಮೈಯನ್ನೇ ಮುಂದಕ್ಕೆ ಹಾಕಿ ತಳ್ಳಿದರು. ಮೊದಲ ಸಲ ಜಾರಿತು. ಎರಡನೆಯ ಸಲ ತೇಗದ ಮೇಲಿಂದ ಗೇಣುದ್ದದ ಸಿಪ್ಪೆ ತೆಳ್ಳಗೆ ಸುರುಳಿಯಾಗಿ ಎದ್ದುಬಂತು. ಅವರು ಏದುಸಿರು ಬಿಡುತ್ತ ಕುರ್ಚಿಗೆ ಒರಗಿ ಅಲ್ಲೇ ನಿದ್ದೆಹೋದರು. ನಾನು ಮಣಿಕಟ್ಟು ನೀವಿಕೊಳ್ಳುತ್ತ ನೋಡುತ್ತ ನಿಂತಿದ್ದೆ.

ಹೊಸ ಶೆಲ್ಫು ಇನ್ನೂ ಆಗಿಲ್ಲ, ಆಗುತ್ತದೋ ಗೊತ್ತಿಲ್ಲ. ಈಗ ಉಳಿಗಳನ್ನೂ ಮಸೆಯುತ್ತೇವೆ. ಒರಟು ಕಲ್ಲು ನನ್ನದು, ನುಣುಪು ಕಲ್ಲು ಅವರದು. ತೀರಾ ಸುಸ್ತಾದ ದಿನ ಇಬ್ಬರಲ್ಲೊಬ್ಬರು "ಇವತ್ತು ಬೇಡ" ಎನ್ನುತ್ತೇವೆ. ಇನ್ನೊಬ್ಬರು ಯಾಕೆಂದು ಕೇಳುವುದಿಲ್ಲ.