ಬೀಗ ಹಾಕಿದ ಮನೆಗಳು, ಇಬ್ಬರು ವಕೀಲರು

ನನ್ನ ಅಕ್ಕ ಮಡಗಾಂವದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಈಚೆಗೆ ಆ ಕೆಲಸದ ಮೇಲೆ ಅವಳಿಗೆ ಇನ್ನೊಂದು ಹೊರೆ ಬಿತ್ತು. ಮೋತಿ ಡೊಂಗರ ಎಂಬ ಗುಡ್ಡದ ಕೆಲವು ಓಣಿಗಳಿಗೆ ಅವಳನ್ನು ಬಿ.ಎಲ್.ಓ. ಮಾಡಿದರು. ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋಗಿ, ಯಾರು ಇದ್ದಾರೆ, ಯಾರು ಬಿಟ್ಟು ಹೋಗಿದ್ದಾರೆ, ಯಾರು ತೀರಿಕೊಂಡಿದ್ದಾರೆ ಎಂದು ಕಣ್ಣಾರೆ ನೋಡಿ ಬರೆಯುವ ನೌಕರರಿಗೆ ಆ ಹೆಸರು. ಗುಡ್ಡದ ತುಂಬ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ನಮ್ಮ ಕಡೆಯವರು: ಗಾರೆ ಕೆಲಸದ ಗೌಂಡಿಗಳು, ಹಮಾಲರು, ಮನೆಗೆಲಸದ ಹೆಂಗಸರು. ಕನ್ನಡ ಬಲ್ಲವರು ಹೋದರೆ ಅನುಕೂಲ ಎಂದು ಮೇಲಿನವರು ಎಣಿಸಿರಬೇಕು.

ನಾವಿಬ್ಬರೂ ಹುಟ್ಟಿ ಬೆಳೆದದ್ದು ಗೋವಾದಲ್ಲೇ. ಶಾಲೆ ಮರಾಠಿಯದು, ಕನ್ನಡ ಮಾತ್ರ ಧಾರವಾಡದ ಅಜ್ಜಿಯದು. ಹೀಗಾಗಿ ಗುಡ್ಡದ ಹುಡುಗಿಯರು ಅಕ್ಕನ ಮಾತು ಕೇಳಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. "ಮೇಡಮ್ಮಾರ, ನೀವು ನಮ್ಮ ಆಯಿ ಮಾತಾಡಿದಂಗ ಮಾತಾಡ್ತೀರಿ ನೋಡ್ರಿ!" ರಜೆ ಇದ್ದ ದಿನ ನಾನು ಅವಳನ್ನು ಸ್ಕೂಟರಿನಲ್ಲಿ ಕರೆದೊಯ್ದು, ಗಾಡಿ ಕೆಳಗೆ ನಿಲ್ಲಿಸಿ, ಕೊಡೆ ಹಿಡಿದು ಹಿಂದೆ ಹಿಂದೆ ಹತ್ತುತ್ತಿದ್ದೆ. ಇಬ್ಬರಲ್ಲಿ ಏದುಸಿರು ಬಿಡುತ್ತಿದ್ದವನು ನಾನೇ.

ಆ ಗುಡ್ಡದಲ್ಲಿ ಎರಡು ಪಕ್ಷಗಳ ಜೋರು. ಹೆಸರು ಬೇಡ. ಒಂದರ ಕಚೇರಿ ಗುಡ್ಡದ ಮೇಲೆ, ಇನ್ನೊಂದರದು ಕೆಳಗೆ ರಸ್ತೆಯ ಬದಿ. ಮೇಲಿನ ಪಕ್ಷ, ಕೆಳಗಿನ ಪಕ್ಷ ಎಂದರೆ ಸಾಕು. ಓಣಿಯ ಮತಗಳು ತಮ್ಮವು ಎಂದು ಮೇಲಿನವರ ಲೆಕ್ಕ. ಅವು ತಮಗೆ ಬೀಳುವುದಿಲ್ಲ ಎಂದು ಕೆಳಗಿನವರ ಲೆಕ್ಕ.

ಶ್ರಾವಣ ಬಂತು. ಪಂಚಮಿಗೆ ಅರ್ಧ ಓಣಿ ಬಿಜಾಪುರ, ಬಾಗಲಕೋಟೆಯ ಕಡೆ ಬಸ್ಸು ಹತ್ತಿತು. ಬಾಗಿಲಿಗೆಲ್ಲ ಬೀಗ. ಸರಿಯಾಗಿ ಆ ಹೊತ್ತಿಗೇ ಕೆಳಗಿನ ಪಕ್ಷದ ಒಬ್ಬ ಕಾರ್ಯಕರ್ತ, ಗುಡ್ಡದವರ ಒಡನಾಟದಲ್ಲಿ ಕನ್ನಡ ಕಲಿತ ಗೋವಾದವನು, ಒಂದು ಕಟ್ಟು ಆಕ್ಷೇಪಣೆ ತಂದು ಕಚೇರಿಗೆ ಕೊಟ್ಟ. ಒಂದೇ ಓಣಿಯ ಮನೆಗಳ ಮೇಲೆ ಒಂದೇ ಮಾತು: ಇವರು ಇಲ್ಲಿ ಇಲ್ಲ, ಹೆಸರು ತೆಗೆಯಿರಿ. ಓಣಿಯಲ್ಲೂ ಎದುರಾಗಿ ಅಕ್ಕನಿಗೆ ಹೇಳಿದ, "ಮೇಡಂ, ಬೀಗ ಕಾಣಾಕತ್ತೈತಿಲ್ಲ? ಹೆಸರಿಗೆ ಕಾಟ ಹೊಡದ್ಬಿಡ್ರಿ. ನಿಮಗೂ ಹತ್ತೂದು ಇಳಿಯೂದು ತಪ್ಪತೈತಿ."

ಅವನು ಇಳಿದು ಹೋಗುವಷ್ಟರಲ್ಲಿ ಮೇಲಿನ ಪಕ್ಷದವನು ಚಹಾದ ಕಿಟ್ಲಿ ಹಿಡಿದು ಹಾಜರು. "ಅಕ್ಕಾರ, ಬೀಗ ಏನ್ ನೋಡ್ತೀರಿ? ಎಲ್ಲಾರೂ ಹಬ್ಬಕ್ಕ ಹೋಗ್ಯಾರ. ಇದ್ದಾರ ಅಂತ ಬರದ ಹಾಕ್ರಿ. ನಮ್ಮ ಮಂದಿ ಅಲ್ಲೇನ್ರಿ ನೀವು?"

"ನಾ ಯಾರ ಮಂದೀನೂ ಅಲ್ಲಪಾ. ಕೆಲಸಕ್ಕ ಬಂದೇನಿ," ಎಂದು ಅಕ್ಕ ಚಹಾ ಕುಡಿಯದೆ ಮುಂದೆ ನಡೆದಳು. ನಾನು ಕುಡಿದೆ. ಒಬ್ಬನಿಗೆ ಅವಳು ಬೀಗವನ್ನಷ್ಟೇ ನೋಡಬೇಕಿತ್ತು, ಇನ್ನೊಬ್ಬನಿಗೆ ಬೀಗವನ್ನು ನೋಡಲೇಬಾರದಾಗಿತ್ತು.

ಆದರೆ ಅಕ್ಕ ನೋಡಿದ್ದು ಬೇರೆ. ಬೀಗ ಬಿದ್ದ ಮನೆಗಳ ಮುಂದೆ, ತಗಡಿನ ಚಾವಣಿಯ ಕೆಳಗೆ, ಆ ದಿನದ ಹಸಿ ರಂಗೋಲಿ ಇತ್ತು. ಓಣಿಯ ಬಾಯಲ್ಲಿ ಕುಳಿತಿದ್ದ ಒಬ್ಬ ಮುದುಕಿಯನ್ನು ಕೇಳಿದಳು.

"ನಾವ ಹಾಕತೀವಿ ಯವ್ವಾ. ಮನಿಯವರು ಊರಿಗೆ ಹೋದ್ರ ಬಾಗಿಲ ಮುಂದ ನೆಲ ಬೋಳ ಇರಬಾರದು. ಆಜೂಬಾಜೂದವರು ನೀರು ಹೊಡದು ಎರಡು ಎಳಿ ಎಳೀಬೇಕು. ನಾ ಹೋದಾಗ ಅವರು ಎಳೀತಾರ."

ನಮ್ಮ ಅಜ್ಜಿ ಥೇಟು ಇದನ್ನೇ ಮಾಡುತ್ತಿದ್ದಳು. ಅಕ್ಕನ ಮುಖ ನೋಡಬೇಕಿತ್ತು, ತವರಿನ ಬಾಗಿಲು ಕಂಡವಳ ಹಾಗೆ. ಬೀಗದ ಮನೆಗೆ ಮತ್ತೆ ಹೋಗಬೇಕು, ನೋಟಿಸು ಅಂಟಿಸಬೇಕು, ಯಾರೂ ಸಿಗದಿದ್ದರೆ ನೆರೆಯವರಿಂದ ಒಂದೊಂದೇ ಮನೆಯ ವಿಚಾರ ಕೇಳಿ ಬರೆದುಕೊಳ್ಳಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅಕ್ಕ ಆ ಸಂಜೆ ಮಾತ್ರ ರಂಗೋಲಿ ಇದ್ದ ಮನೆಗಳಿಗೆಲ್ಲ "ಇದ್ದಾರೆ, ಹಬ್ಬಕ್ಕೆ ಹೋಗಿದ್ದಾರೆ" ಎಂದು ಬರೆದು ಕೆಳಗಿಳಿದಳು. ಪಕ್ಷದವನ ಚಹಾಕ್ಕೆ ಬಗ್ಗದವಳು ಅಜ್ಜಿಯ ನೆನಪಿಗೆ ಬಗ್ಗಿದ್ದಳು.

ಅದರಲ್ಲಿ ಒಂದು ಮನೆಯ ವಿಷಯ ತಪ್ಪಾಗಿತ್ತು. ಒಬ್ಬ ಗೌಂಡಿಯ ಸಂಸಾರ. ಆತ ಗೋವಾದ್ದೇ ಇನ್ನೊಂದು ಊರಾದ ಫೋಂಡಾದಲ್ಲಿ ಕೆಲಸ ಹಿಡಿದು, ಮಳೆಗಾಲಕ್ಕೆ ಮುಂಚೆಯೇ ಹೆಂಡತಿ ಮಕ್ಕಳೊಂದಿಗೆ ಅಲ್ಲಿಗೆ ಹೋಗಿ ನೆಲೆಸಿದ್ದ. ಇದು ಕೆಳಗಿನ ಪಕ್ಷದ ಆ ಕಾರ್ಯಕರ್ತನಿಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಗೌಂಡಿಯ ಕಪಾಟನ್ನು ಗುಡ್ಡದಿಂದ ಇಳಿಸಲು ಹೆಗಲು ಕೊಟ್ಟವನೇ ಅವನು. ಅಕ್ಕ ಬರೆದದ್ದು ತಿಳಿದದ್ದೇ ತಡ, ಆ ಬೀಗದ ಮುಂದೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಿದ. ಅದರಲ್ಲಿ ಅವನು ಹೇಳಿದ್ದು ಇದು: ಈ ಬಿ.ಎಲ್.ಓ. ಹೆಂಗಸು ಕನ್ನಡದವಳು, ತನ್ನವರಿಗಾಗಿ ಸುಳ್ಳು ಬರೆದಿದ್ದಾಳೆ. ಅವಳನ್ನು ತೆಗೆಯಬೇಕು, ಅವಳು ಆ ಓಣಿಯಲ್ಲಿ ಬರೆದದ್ದನ್ನೆಲ್ಲ ರದ್ದು ಮಾಡಬೇಕು. ಸಂಜೆಯೊಳಗೆ ಅದು ನಮ್ಮ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕವರ ಮೊಬೈಲಿಗೂ ಬಂದಿತ್ತು.

ಅಕ್ಕ ಮೊದಲು ಮಾಡಿದ್ದು ಮುದುಕಿಯ ಬಳಿ ಓಡಿದ್ದು. "ಯಮ್ಮಾ, ಗೌಂಡಿ ಮನಿಯವರು ಬಿಟ್ಟ ಹೋಗ್ಯಾರಂತಲ್ಲ. ಮತ್ತ ಅಲ್ಲಿ ಯಾಕ ಎಳದಿ?"

"ಅವರು ಹೋದ್ರಂತ ಮನಿ ಮ್ಯಾಲ ನನಗೇನ ಸಿಟ್ಟ? ಮನಿ ಅಲ್ಲೇ ಐತಲ್ಲವಾ. ನೀ ರಂಗೋಲಿ ಕೇಳಿದಿ, ಹೇಳಿದೆ. ಅವರನ್ನ ಎಲ್ಲಿ ಕೇಳಿದಿ?"

ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ತನ್ನ ಹೆಸರು ಕೆಡುವುದು ಒಂದು ಕಡೆ. ಅವಳು ಬರೆದದ್ದೆಲ್ಲ ಸುಳ್ಳೆಂದು ತಳ್ಳಿಹಾಕಿದರೆ, ಊರಲ್ಲಿ ಹಬ್ಬದ ಉಂಡಿ ಕಟ್ಟುತ್ತ ಕೂತ ಇಡೀ ಓಣಿಯ ಹೆಸರು ಅವರಿಗೆ ಗೊತ್ತಾಗುವ ಮೊದಲೇ ಪಟ್ಟಿಯಿಂದ ಹಾರಿಹೋಗಬಹುದಿತ್ತು. ಸಾಲದ್ದಕ್ಕೆ ಮೇಲಿನ ಪಕ್ಷದವರು ಅವಳ ಫೋಟೊ ಹಾಕಿ "ನಮ್ಮ ಅಕ್ಕನ ಜೊತೆ ನಾವು" ಎಂಬ ಬ್ಯಾನರು ಬರೆಸಲು ಹೊರಟಿದ್ದರು. ಅದನ್ನು ಕೇಳಿ ಅವಳಿಗೆ ವಿಡಿಯೊಕ್ಕಿಂತ ಹೆಚ್ಚು ಭಯವಾಯಿತು. ನನಗೆ ಮಾತ್ರ, ನಿಜ ಹೇಳಬೇಕೆಂದರೆ, ಖುಷಿಯೇ ಆಗಿತ್ತು. ಯಾರಾದರೂ ನಮ್ಮ ಕಡೆ ನಿಂತರಲ್ಲ!

ಆ ಹುಮ್ಮಸ್ಸಿನಲ್ಲೇ ಮರುದಿನ ಮಧ್ಯಾಹ್ನ ಕೋರ್ಟಿನ ಹತ್ತಿರದ ಖಾನಾವಳಿಗೆ ಹೋದೆ. ನಮ್ಮ ಅಪ್ಪನ ಕಾಲದಿಂದ ಗುರುತಿದ್ದ ಧಾರವಾಡದ ಹಿರಿಯ ವಕೀಲರೊಬ್ಬರು ಅಲ್ಲಿ ದಿನಾ ಊಟಕ್ಕೆ ಬರುತ್ತಾರೆ. ಮೇಲಿನ ಪಕ್ಷದ ಕಾನೂನಿನ ಕೆಲಸವೆಲ್ಲ ಅವರದು. ಅವರ ಎದುರಿಗೇ ಕೂತು ಅವರ ಶೇಂಗಾ ಚಟ್ನಿಗೆ ಕೈ ಹಾಕುತ್ತಿದ್ದವರು ಕೆಳಗಿನ ಪಕ್ಷದ ವಕೀಲರು. ಇವರು ಗೋವಾದವರೇ, ಮನೆಮಾತು ಕೊಂಕಣಿ. ಬೆಳಗಾವಿಯಲ್ಲಿ ಕಾನೂನು ಓದುವಾಗ ಕನ್ನಡದ ಜೊತೆಗೆ ಜೋಳದ ರೊಟ್ಟಿಯ ಚಟವನ್ನೂ ಅಂಟಿಸಿಕೊಂಡು ಬಂದವರು. ಬೆಳಿಗ್ಗೆ ಕೋರ್ಟಿನಲ್ಲಿ ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗಾಡಿ, ಮಧ್ಯಾಹ್ನ ಒಂದೇ ಮೇಜಿಗೆ ಕೂರುವುದು ಇಬ್ಬರ ರೂಢಿ. ಮೇಜಿನ ಮೇಲೆ ಪಕ್ಷದ ಮಾತು ಎತ್ತಬಾರದೆಂಬುದು ಒಪ್ಪಂದ. ನಾನು ಎತ್ತಿದೆ.

"ವಕೀಲ್ರ, ಅಕ್ಕನ ಪರ ನೀವು ನಿಂದ್ರಬೇಕ್ರಿ. ಆ ಹುಡುಗನ ಮ್ಯಾಲ ಒಂದು ಕೇಸ್ ಜಡೀರಿ."

ಹಿರಿಯರು ರೊಟ್ಟಿ ಮುರಿಯುತ್ತ ಕೇಳಿದರು, "ಆತು, ನಿಂತೆ ಅಂತ ತಿಳಿ. ಮರುದಿನ ನಿಮ್ಮ ಅಕ್ಕ ಏನಾದ್ಲು?"

"ಉಳಕೊಂಡ್ಲು."

"ನಮ್ಮ ಪಾರ್ಟಿಯಾಕಿ ಆದ್ಲು. ಆಮ್ಯಾಲೆ ಆಕಿ ಖರೇ ಬರದ್ರೂ ಇವನ ಮಂದಿ ನಂಬಂಗಿಲ್ಲ."

"ನಂಬಂಗಿಲ್ಲ," ಎಂದರು ಇನ್ನೊಬ್ಬರು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. "ಪಳೆ, ಇಲ್ಲಿ ನೋಡು, ನಾನೂ ಸುಮ್ಮ ಕುಂತ್ರ ನಮ್ಮ ಹುಡುಗ್ರು ಆಕಿನ್ನ ತೆಗಸ್ತಾರ. ಆಕಿ ಜಾಗಾಕ್ಕ ಬಂದಾಂವ ನನ್ನ ಪಾರ್ಟಿಗೆ ಹೆದರಿಕೊಂಡ ಬರೀತಾನ. ಇವತ್ತ ನನಗ ಹೆದರೂವಾಂವ ನಾಳಿ ಈ ಮುದುಕಗ ಹೆದರತಾನ. ಅಂಥಾಂವ ನನಗ್ಯಾಕ?"

"ಮುದುಕ ಅಂದ್ರ ಚಟ್ನಿ ಇಲ್ಲ ನಿನಗ," ಎಂದು ಹಿರಿಯರು ಬಟ್ಟಲು ಎಳೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ತಪ್ಪಾಗೇತೋ ಇಲ್ಲೋ?"

"ಒಂದು ಮನೀದು ಆಗೇತ್ರಿ."

"ಹಂಗಾರ ಆಕೀನ ಹೋಗಿ ಸಾಹೇಬರ ಮುಂದ ಅದನ್ನ ಹೇಳಲಿ. ಯಾರೂ ಕೇಳೂಕಿಂತ ಮೊದಲ ಹೇಳಲಿ. ಉಳದದ್ದು ನಾವು ನೋಡತೀವಿ. ಆಕಿ ಸಲುವಾಗಿ ಅಲ್ಲ ಮತ್ತ, ತಿಳೀತಿಲ್ಲ?"

ನನಗೆ ತಿಳಿದಿರಲಿಲ್ಲ. ಸಿಟ್ಟೇ ಬಂದಿತ್ತು. ನಮ್ಮ ಮನೆಯಲ್ಲಿ ಉಂಡು ಹೋದ ಹಿರಿಯರು "ಆಕಿ ಸಲುವಾಗಿ ಅಲ್ಲ" ಎನ್ನುವುದೇ! ಒಬ್ಬರ ಕಡೆ ನಿಲ್ಲದೆಯೂ ಅವರನ್ನು ಕಾಯಬಹುದು ಎಂಬುದು ನನ್ನ ತಲೆಗೆ ಹೋಗಲು ಸಮಯ ಹಿಡಿಯಿತು.

ಅಕ್ಕ ತಾನಾಗಿ ಹೋಗಿ ತಪ್ಪು ಹೇಳಿದಳು. ಅದೇ ದಿನ ಇಬ್ಬರು ವಕೀಲರೂ ಕೂಡಿ, ಮತದಾರರ ಪಟ್ಟಿಯ ಹೊಣೆ ಹೊತ್ತಿದ್ದ ಮಾಮಲೇದಾರ ಸಾಹೇಬರಿಗೆ, ಅಂದರೆ ಇಲ್ಲಿನ ತಹಶೀಲ್ದಾರರಿಗೆ, ಒಂದೇ ಅರ್ಜಿ ಕೊಟ್ಟರು: ಬಿ.ಎಲ್.ಓ.ವನ್ನು ಇಡುವುದು, ತೆಗೆಯುವುದು ಕಚೇರಿಯ ವಿಚಾರ, ಅದಕ್ಕೆ ತಮ್ಮ ಪಕ್ಷಗಳು ಕೈ ಹಾಕುವುದಿಲ್ಲ. ಓಣಿಯ ಪ್ರತಿ ಬೀಗಕ್ಕೂ ನಿಯಮದಂತೆ ಮತ್ತೊಮ್ಮೆ ಭೇಟಿ ಆಗಲಿ, ಆಕೆಯ ಜೊತೆ ಎರಡೂ ಪಕ್ಷದ ಒಬ್ಬೊಬ್ಬರು ಹೋಗಲಿ. ಆದರೆ ಅವರು ನೋಡಬೇಕು, ಬಾಯಿ ತೆರೆಯಬಾರದು. ಆಕ್ಷೇಪಣೆ ಹಾಕಿದವನು ವಿಚಾರಣೆಗೆ ತಾನೇ ಬಂದು ಕಂಡದ್ದನ್ನು ಹೇಳಲಿ.

ಮೇಲಿನವರ ಬ್ಯಾನರು ಅಂಗಡಿಯಲ್ಲೇ ಉಳಿಯಿತು. ಹಿರಿಯರಿಗೆ ವಯಸ್ಸಾಯಿತು, ಬುದ್ಧಿ ಮಂಕಾಗಿದೆ ಎಂದು ಅವರ ಪಕ್ಷದವರೇ ಆಡಿಕೊಂಡರು. ಕೆಳಗಿನ ಹುಡುಗರೂ ಬಿಡಲಿಲ್ಲ. "ನಮ್ಮ ಸಾಹೇಬ್ರು ರೊಟ್ಟಿ ತಿಂದ ತಿಂದ ಕನ್ನಡದವರಾಗ್ಯಾರ" ಎಂದು ಅವರ ಮುಂದೆಯೇ ಅಂದರಂತೆ. "ಭಾಕ್ರಿ ನಿಮಗೂ ಕೊಡಸ್ತೇನಿ, ಬರ್ರಿ" ಎಂದರಂತೆ ಇವರು.

ಸಾಹೇಬರು ಅರ್ಜಿಗೆ ಒಪ್ಪಿದರು, ಮತ್ತೆ ಗುಡ್ಡ ಹತ್ತಿದೆವು. ಮುಂದೆ ಅಕ್ಕ, ಹಿಂದೆ ಚಹಾ ತಂದಿದ್ದ ಮೇಲಿನವನು ಮತ್ತು ವಿಡಿಯೊ ಮಾಡಿದ್ದ ಕೆಳಗಿನವನು, ಕೊನೆಗೆ ಕೊಡೆ ಹಿಡಿದ ನಾನು. ಹಬ್ಬ ಮುಗಿಸಿ ಜನ ಒಬ್ಬೊಬ್ಬರಾಗಿ ಮರಳುತ್ತಿದ್ದರು. ಒಂದು ಬಾಗಿಲಲ್ಲಿ ಹೊರಗೆ ಬಂದವನು ಕೆಳಗಿನ ಪಕ್ಷದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನಾ ಇಲ್ಲೇ ಇಲ್ಲ ಅಂತ ಬರದ ಕೊಟ್ಟೀಯಂತ? ಮೊನ್ನಿ ಮಳ್ಯಾಗ ನಿನ್ನ ಗಾಡಿ ಪಂಚರ್ ತಗದಾಂವ ಯಾರಲೇ?"

ಬಾಯಿ ತೆರೆಯಬಾರದೆಂಬ ಕರಾರು ಇತ್ತಲ್ಲ, ಅವನು ಪಾಪ ತುಟಿ ಬಿಗಿಹಿಡಿದು ನಿಂತ. ಮೇಲಿನವನು ಕಿಸಕ್ಕನೆ ನಕ್ಕ. ಅಕ್ಕ ತಿರುಗಿ ನೋಡಿದಳು; ನಗುವೂ ನಿಂತಿತು. ಆ ಮನೆಯಾಕೆ ಇಬ್ಬರ ಕೈಗೂ ಒಂದೊಂದು ಎಳ್ಳುಂಡಿ ಇಟ್ಟಳು. ಮುಂದಿನ ಮೂಲೆಯಲ್ಲಿ ಗೌಂಡಿಯ ಮನೆ. ಅಲ್ಲಿ ಮಾತ್ರ ಕೆಳಗಿನವನ ಎದೆ ಉಬ್ಬಿತು, ಮೇಲಿನವನು ಆಕಾಶ ನೋಡಿದ. ಅಕ್ಕ ತಾನು ಬರೆದದ್ದನ್ನು ತಾನೇ ತಿದ್ದಿ ಸಹಿ ಮಾಡಿದಳು.

ವಿಚಾರಣೆಯ ದಿನ ಕೆಳಗಿನ ಪಕ್ಷದವನು ಹಟ ಬಿಟ್ಟಿರಲಿಲ್ಲ. "ಸಾಹೇಬ್ರ, ಒಂದು ಸುಳ್ಳಂದ್ರ ಎಲ್ಲಾ ಸುಳ್ಳರಿ." ಉತ್ತರ ಕೊಟ್ಟವರು ಅವನದೇ ವಕೀಲರು. "ಒಂದು ತಪ್ಪಂದ್ರ ಒಂದು ತಪ್ಪು. ಉಳದ ಮನಿಗೆ ನೀನ ಹೋಗಿ ಬಂದೀಯಲ್ಲ. ಏನ ನೋಡಿದಿ, ಅಷ್ಟ ಹೇಳು."

ಅವನು ತನ್ನ ಚಪ್ಪಲಿ ನೋಡಿಕೊಂಡ. ಸುಳ್ಳು ಹೇಳಬಹುದಿತ್ತು. ಆದರೆ ಕೇಳಿದವರು ಅವನವರೇ. "ಮಂದಿ ಅದಾರ್ರಿ," ಎಂದ. "ಗೌಂಡಿ ಒಬ್ಬಾಂವ ಇಲ್ಲ. ಇನ್ನೂ ಒಂದೆರಡು ಬೀಗ ತೆರದಿಲ್ಲ."

ಸಾಹೇಬರು ತೀರ್ಮಾನ ಹೇಳಿದರು. ಗೌಂಡಿಯ ಸಂಸಾರದ ಹೆಸರು ಫೋಂಡಾಕ್ಕೆ ಹೋಗಲು ಅರ್ಜಿ ಹಾಕಿಸಬೇಕು. ಕಣ್ಣಿಗೆ ಕಂಡವರ ಹೆಸರು ಉಳಿಯುತ್ತದೆ. ತೆರೆಯದ ಬೀಗಗಳಿಗೆ ಇನ್ನೊಂದು ನೋಟಿಸು. ನೋಡದೆ ಬರೆದದ್ದಕ್ಕೆ ಅಕ್ಕನಿಗೆ ಒಂದು ಮೆಮೊ. ಮೆಮೊ ಎಂದ ಕೂಡಲೇ ಮೇಲಿನ ಪಕ್ಷದವನು ಹಿಂದಿನಿಂದ ಏನೋ ಅನ್ನಲು ಹೋದ. ಹಿರಿಯ ವಕೀಲರು ತಿರುಗಿಯೂ ನೋಡದೆ ಕೈ ಎತ್ತಿ ಅವನನ್ನು ಕೂರಿಸಿದರು. ಕೊನೆಗೆ ಸಾಹೇಬರು ಅಕ್ಕನನ್ನು ಕೇಳಿದ್ದು ಇಷ್ಟೇ: "ಮುಂದಿನ ಓಣಿ ಯಾವಾಗ ಮುಗಿಸ್ತೀರಿ?" ಅವಳನ್ನು ತೆಗೆದಿಲ್ಲ ಎಂದು ನಮಗೆ ಗೊತ್ತಾದದ್ದು ಹಾಗೆ.

ಹೊರಗೆ ಬಂದಾಗ ನಾನು ಇನ್ನೂ ಕುದಿಯುತ್ತಿದ್ದೆ. "ಇಬ್ಬರು ದೊಡ್ಡ ವಕೀಲರು ಇದ್ದೂ ಮೆಮೊ ತಪ್ಪಸಾಕ ಆಗಲಿಲ್ಲ ನೋಡು. ನಿನ್ನ ಬಗ್ಗೆ ಒಂದು ಚಲೋ ಮಾತರ ಆಡಬೇಕಿಲ್ಲೇನು ಅವರು?"

ಅಕ್ಕ ಮೆಮೊವನ್ನು ಮಡಚಿ ಬ್ಯಾಗಿನಲ್ಲಿ ಇಟ್ಟಳು. "ತಪ್ಪು ಮಾಡಿದ್ದಕ್ಕ ಬಂತಲ್ಲೋ ತಮ್ಮಾ ಇದು. ಯಾರೋ ಹೇಳಿದ್ರಂತ ಬರಲಿಲ್ಲ. ಚಲೋ ಮಾತು ಆಡಿದ್ರ ನಾಳಿ ಅದನ್ನೂ ವಿಡಿಯೊ ಮಾಡ್ತಿದ್ರು."

ಮರುದಿನ ಬೆಳಿಗ್ಗೆ ನೋಟಿಸು ಅಂಟಿಸಲು ಹೋದೆವು. ಗುಡ್ಡದ ಬುಡದಲ್ಲಿ ಆ ಇಬ್ಬರೂ ಕಾರ್ಯಕರ್ತರು, ಯಾರೂ ಕರೆಯದಿದ್ದರೂ, ಒಂದೇ ಅಂಗಡಿಯ ಚಾವಣಿಯ ಕೆಳಗೆ ಮಳೆಗೆ ಮುದುಡಿಕೊಂಡು ಕಾಯುತ್ತಿದ್ದರು. ಅಕ್ಕ ಅಂಟಿನ ಡಬ್ಬಿಯನ್ನು ಒಬ್ಬನ ಕೈಗೂ ಕೊಡಲಿಲ್ಲ.

"ಬರೂದಾದ್ರ ಬರ್ರಿ," ಎಂದಳು. "ಕರಾರು ಗೊತ್ತೈತಲ್ಲ?"

ಇಬ್ಬರೂ ತಲೆಯಾಡಿಸಿ, ಬಾಯಿ ಮುಚ್ಚಿಕೊಂಡು, ಅವಳ ಹಿಂದೆ ಹತ್ತತೊಡಗಿದರು.