ಗೋಡೆ ಬಳಗದ ಅಕ್ಷರದವಳು

ಬಿ.ಎ. ಮೂರೂ ವರ್ಷ ಹೇಮಶ್ರೀ ನನ್ನ ಪಕ್ಕದಲ್ಲೇ ಕೂತವಳು. ಸಿದ್ಧಾರ್ಥನಗರದಿಂದ ಎರಡು ಬಸ್ ಹಿಡಿದು ಸರಸ್ವತಿಪುರಂನ ನಮ್ಮ ಕಾಲೇಜಿಗೆ ಬರುತ್ತಿದ್ದಳು. ಅವಳ ಅಪ್ಪ ಪ್ರಭುಸ್ವಾಮಿ ಸಿಟಿ ಬಸ್ ಡ್ರೈವರ್. ಅಮ್ಮ ಪುಟ್ಟಬಸಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಬಡಾವಣೆಯ ಹೆಂಗಸರಿಗೆಲ್ಲ ಬ್ಲೌಸ್ ಹೊಲಿಯುತ್ತಿದ್ದರು. ಕ್ಲಾಸಿನಲ್ಲಿ ಹೇಮಾ ಬಾಯಿ ಬಿಡುತ್ತಿದ್ದದ್ದು ಹಾಜರಿ ಕೂಗಿದಾಗ ಮಾತ್ರ. ಆದರೆ ಅವಳ ನೋಟ್ಸ್ ಒಮ್ಮೆ ನೋಡಿದವರು ಮತ್ತೆ ತಮ್ಮ ಪುಸ್ತಕ ತೆರೆಯಲು ನಾಚಿಕೊಳ್ಳಬೇಕು, ಅಂಥ ಅಕ್ಷರ. ಪ್ರೈಮರಿ ಸ್ಕೂಲಿನಲ್ಲಿ ದಿನಾ ಬೆಳಿಗ್ಗೆ ಕಪ್ಪು ಹಲಗೆಯ ಮೇಲೆ ದಿನಾಂಕ, ಹಾಜರಿ, ಒಂದು ಒಳ್ಳೆಯ ಮಾತು ಬರೆಯುವ ಕೆಲಸವನ್ನು ಮೇಷ್ಟ್ರು ಅವಳಿಗೇ ವಹಿಸಿದ್ದರಂತೆ. ಸೀಮೆಸುಣ್ಣದಲ್ಲಿ ಏಳು ವರ್ಷ ಬರೆದ ಕೈ ಅದು. 'ಳ' ಅನ್ನುವ ಅಕ್ಷರವನ್ನು ಅವಳು ಬರೆಯುವಾಗ ನೋಡಬೇಕಿತ್ತು, ಕೈ ಎತ್ತದೆ ಒಂದೇ ಉಸಿರಿಗೆ ಸುತ್ತಿಬಿಡುತ್ತಿದ್ದಳು.

ಅವಳನ್ನು ಗೋಡೆ ಬಳಗಕ್ಕೆ ಕರೆದುಕೊಂಡು ಹೋದವಳು ನಾನೇ.

ಲೈಬ್ರರಿಗೆ ಹೋಗುವ ಓಣಿಯಲ್ಲಿ ಗಾಜಿನ ಬಾಗಿಲಿನ ಒಂದು ದೊಡ್ಡ ಹಲಗೆ ಇತ್ತು. ಎರಡು ವಾರಕ್ಕೊಮ್ಮೆ, ಸೋಮವಾರ, ಅದರೊಳಗೆ ನಮ್ಮ ಗೋಡೆ ಪತ್ರಿಕೆ ಬರುತ್ತಿತ್ತು. ಕವಿತೆ, ಕಥೆ, ಕ್ಯಾಂಟೀನಿನ ಇಡ್ಲಿಯ ಮೇಲೊಂದು ದೂರು, ಯಾರೋ ಓದಿದ ಪುಸ್ತಕದ ಬಗ್ಗೆ ನಾಲ್ಕು ಸಾಲು. ನಾಟಕಕ್ಕೆ ಹುಡುಗರು ಬೇಕಾದರೂ, ಭಾವಗೀತೆಯ ತಂಡಕ್ಕೆ ದನಿ ಬೇಕಾದರೂ ಮೊದಲು ಅಲ್ಲೇ ಬರೆಯುತ್ತಿದ್ದೆವು. ಬಳಗದಲ್ಲಿ ಲೆಕ್ಚರರ್ ಒಬ್ಬರೂ ಇರಲಿಲ್ಲ. ನಾವು ಹನ್ನೊಂದು ಜನ ವಿದ್ಯಾರ್ಥಿಗಳು ನಡೆಸುತ್ತಿದ್ದೆವು, ಅಷ್ಟೇ. ಹೆಸರು ಹಾಕದೆ ಬರೆದವರ ಹೆಸರನ್ನು ಯಾರು ಕೇಳಿದರೂ ಹೇಳಬಾರದು ಅನ್ನುವುದೊಂದು ಕಟ್ಟುಪಾಡು ನಮಗಿಂತ ಮುಂಚಿನಿಂದಲೂ ಇತ್ತು. ಬರವಣಿಗೆ ಅಂಜದೆ ಬರಲಿ ಅಂತ.

ಸಂಚಾಲಕ ಮಾಧವ. ಲಕ್ಷ್ಮೀಪುರಂನವನು. ಅವನ ಮನೆಯಲ್ಲಿ ಮೂರು ತಲೆಮಾರಿನಿಂದ ಮೇಷ್ಟ್ರುಗಳು, ಗೋಡೆ ತುಂಬ ಪುಸ್ತಕ. ಮಾತಾಡಲು ನಿಂತರೆ ಕಾಮರ್ಸ್ ವಿಭಾಗದ ಹುಡುಗರೂ ಕಿವಿಗೊಡುತ್ತಿದ್ದರು. ಹೇಮಾ ಬರೆದ ಮೊದಲ ಸಂಚಿಕೆ ನೋಡಿ ಅವನು, "ಇಷ್ಟು ದಿನ ನಾವು ಏನನ್ನ ಅಂಟಿಸ್ತಿದ್ವಿ ಇಲ್ಲಿ?" ಅಂದ. ಹೇಮಾಳ ಮುಖ ಕೆಂಪಾಯಿತು.

ಆಮೇಲೆ ಸಂಚಿಕೆಯ ಹಿಂದಿನ ಭಾನುವಾರಗಳಲ್ಲಿ ಮಾಧವ ಬರಹಗಳ ಕಟ್ಟು ಹಿಡಿದು ಅವಳ ಮನೆಗೇ ಹೋಗತೊಡಗಿದ. ಎಷ್ಟೋ ಸಲ ನಾನೂ ಜೊತೆಗಿರುತ್ತಿದ್ದೆ. ಹೇಮಾ ನೆಲದ ಮೇಲೆ ಡ್ರಾಯಿಂಗ್ ಶೀಟ್ ಹರಡಿ, ಮೊಣಕಾಲೂರಿ ಬರೆಯುವಳು. ಪುಟ್ಟಬಸಮ್ಮ ಮಷಿನ್ ನಿಲ್ಲಿಸಿ ನಮಗೆ ಉಪ್ಪಿಟ್ಟು ಕೊಡುವರು. ಅವರಿಗೆ ಮಾಧವನನ್ನು ಕಂಡರೆ ವಿಪರೀತ ಅಕ್ಕರೆ. ಭಾವಗೀತೆ ತಂಡ ಯುವಜನೋತ್ಸವಕ್ಕೆ ಹೊರಟಾಗ ಮಾಧವನದೂ ಸೇರಿ ಎಂಟು ಜುಬ್ಬಾಗಳನ್ನು ಮೂರೇ ದಿನದಲ್ಲಿ ಹೊಲಿದುಕೊಟ್ಟಿದ್ದರು.

"ನಿಮ್ ಐಕ್ಳು ಸ್ಟೇಜ್ ಮೇಲೆ ನಿಂತ್ರೆ ನನ್ ಬಟ್ಟೆ ಅಲ್ವೇನಪ್ಪ ನಿಂತಂಗೆ," ಅಂದಿದ್ದರು ಅವನಿಗೆ.

ನಾವು ಎರಡನೇ ವರ್ಷಕ್ಕೆ ಬಂದಾಗ ಕಾಲೇಜಿನ ಆಡಳಿತ ಮಂಡಳಿ ಸಭಾಂಗಣವನ್ನು ಮದುವೆಗಳಿಗೆ ಬಾಡಿಗೆಗೆ ಬಿಡಲು ಶುರುಮಾಡಿತು. ಮೊದಲು ಭಾನುವಾರ ಮಾತ್ರ ಅಂದರು. ಆಮೇಲೆ ಶುಕ್ರವಾರ ಸಂಜೆಯೇ ಶಾಮಿಯಾನದವರು ಬಂದು ಕಂಬ ನೆಡುತ್ತಿದ್ದರು. ನಾಟಕದ ತಾಲೀಮು ಸೈಕಲ್ ಸ್ಟ್ಯಾಂಡಿಗೆ ಬಂತು. ಸಂಗೀತದವರು ಮೆಟ್ಟಿಲ ಮೇಲೆ ಕೂತರು. ಒಂದು ಶನಿವಾರ ಚರ್ಚಾಸ್ಪರ್ಧೆ ನಡೆಯುತ್ತಿದ್ದಾಗ ಅಡುಗೆಯವರು ಬಂದು, "ಕುರ್ಚಿ ಬೇಕು, ಎದ್ದೇಳಿ" ಅಂದರು. ಪ್ರಿನ್ಸಿಪಾಲರಿಗೆ ಮೂರು ಮನವಿ ಕೊಟ್ಟೆವು. ಒಂದಕ್ಕೂ ಉತ್ತರವಿಲ್ಲ.

ಆಗ ಮಾಧವ ಒಂದು ಲಗ್ನಪತ್ರಿಕೆ ಬರೆದ. ಚಿರಂಜೀವಿ ಸಭಾಂಗಣನ ವಿವಾಹವು ಚಿರಂಜೀವಿ ಸೌಭಾಗ್ಯವತಿ ಬಾಡಿಗೆಯೊಂದಿಗೆ ನೆರವೇರಲಿದೆ, ವಿದ್ಯಾರ್ಥಿಗಳು ಸೈಕಲ್ ಸ್ಟ್ಯಾಂಡಿನಲ್ಲಿ ನಿಂತೇ ವಧೂವರರನ್ನು ಆಶೀರ್ವದಿಸಬೇಕು. ಕೆಳಗೆ ವಿಶೇಷ ಸೂಚನೆ: ನಾಟಕ, ಸಂಗೀತ, ಚರ್ಚೆ ಮುಂತಾದ ಉಡುಗೊರೆಗಳನ್ನು ದಯವಿಟ್ಟು ತರಬೇಡಿ. ಸುಖಾಗಮನ ಬಯಸುವವರು ಆಡಳಿತ ಮಂಡಳಿ.

ಕ್ಯಾಂಟೀನಿನ ಹಿಂದಿನ ಕಲ್ಲುಬೆಂಚಿನಲ್ಲಿ ಅವನು ಅದನ್ನು ಓದಿದಾಗ ನಾವು ಬಿದ್ದು ಬಿದ್ದು ನಕ್ಕೆವು. ಹೆಸರು ಹಾಕುವುದು ಬೇಡ ಅಂತಾಯಿತು.

ಹೇಮಾ ಮಾತ್ರ ನಗು ನಿಲ್ಲಿಸಿ ಕೇಳಿದಳು. "ಹೆಸರು ಇಲ್ದೇ ಇದ್ರೂ ನನ್ನ ಅಕ್ಷರ ಇರುತ್ತಲ್ಲ ಮಾಧವ. ಅದು ಎಲ್ಲರಿಗೂ ಗೊತ್ತು."

"ಕೇಳಿದ್ರೆ ಹನ್ನೊಂದು ಜನಾನೂ ಒಟ್ಟಿಗೆ ಹೋಗೋಣ. ನಾವೇ ಬರೆದದ್ದು ಅನ್ನೋಣ. ಹನ್ನೊಂದು ಜನನ್ನ ಏನ್ ಮಾಡ್ತಾರೆ?" ಅಂದ ಮಾಧವ. ಎಲ್ಲರೂ ಕೈ ಎತ್ತಿದೆವು. ನಾನೂ.

ಹೇಮಾ ಎರಡು ದಿನ ಕೂತು ಬರೆದಳು. ಅರಿಶಿನದ ಬಣ್ಣದ ಹಾಳೆ, ಸುತ್ತ ಮಾವಿನೆಲೆಯ ತೋರಣ, ಎರಡು ಬದಿ ಬಾಳೆಕಂಬ. ದೂರದಿಂದ ನೋಡಿದರೆ ನಿಜವಾದ ಮದುವೆಯ ಕರೆಯೋಲೆಯೇ. ಸೋಮವಾರ ಹನ್ನೊಂದು ಗಂಟೆಗೆಲ್ಲ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಫೋನುಗಳಲ್ಲಿ ಫೋಟೋ ತೆಗೆದರು, ಬೇರೆ ಕಾಲೇಜುಗಳಿಗೂ ಹೋಯಿತು. ಮಧ್ಯಾಹ್ನ ಮಂಡಳಿಯ ಕಾರ್ಯದರ್ಶಿ ಸ್ವತಃ ಬಂದು ಹಲಗೆಯ ಮುಂದೆ ನಿಂತು ಓದಿ, ನೇರ ಪ್ರಿನ್ಸಿಪಾಲರ ಕೋಣೆಗೆ ಹೋದರು. ಸಂಜೆಯೊಳಗೆ ಹಾಳೆ ಇರಲಿಲ್ಲ, ಗಾಜಿನ ಬಾಗಿಲಿಗೆ ಬೀಗ ಬಿದ್ದಿತ್ತು.

ಮರುದಿನ ಹೇಮಾ ಜ್ವರವೆಂದು ಬರಲಿಲ್ಲ. ಮಾಧವನನ್ನು ಪ್ರಿನ್ಸಿಪಾಲರು ಒಬ್ಬನನ್ನೇ ಕರೆಸಿದರು. ಒಂದು ಗಂಟೆ ಒಳಗಿದ್ದ. ಹೊರಗೆ ಬಂದವನು ನಮ್ಮನ್ನೆಲ್ಲ ಕ್ಯಾಂಟೀನಿನ ಹಿಂದೆ ಸೇರಿಸಿ ಟೈಪಾದ ಒಂದು ಪತ್ರ ತೆಗೆದ. 'ಸದರಿ ಬರಹವು ಬಳಗದ ಗಮನಕ್ಕೆ ಬಾರದೆ ಪ್ರಕಟವಾಗಿದೆ. ಇದನ್ನು ಹೇಮಶ್ರೀ ಪಿ. ಎಂಬ ವಿದ್ಯಾರ್ಥಿನಿಯು ತಾನಾಗಿಯೇ ಬರೆದು ಅಂಟಿಸಿರುತ್ತಾಳೆ.' ಕೆಳಗೆ ಮೊದಲ ಸಹಿ ಅವನದು.

"ಬಳಗಾನೇ ಮುಚ್ಚಿಬುಡ್ತೀವಿ ಅಂತಿದ್ದಾರೆ ಕಣ್ರೋ. ಇದು ಕೊಟ್ರೆ ಅವಳಿಗೊಂದು ವಾರ್ನಿಂಗ್ ಅಷ್ಟೆ. ತಿಂಗಳಿಗೆ ಎರಡು ಶನಿವಾರ ಹಾಲ್ ಕೊಡ್ತಾರಂತೆ. ಹೇಮಾ ಹತ್ರ ಮಾತಾಡಿದ್ದೀನಿ, ಒಪ್ಕೊಂಡಿದ್ದಾಳೆ."

ನನ್ನ ಕೈಯಲ್ಲಿ ಫೋನ್ ಇತ್ತು. ಅವಳ ನಂಬರಿಗೆ ಒಂದು ಸಲ ಒತ್ತಿದ್ದರೆ ನಿಜ ತಿಳಿಯುತ್ತಿತ್ತು. ಒತ್ತಲಿಲ್ಲ. ಅವಳು ಒಪ್ಪಿದ್ದಾಳೆ ಅಂತ ನಂಬುವುದು ಆ ಹೊತ್ತಿಗೆ ನನಗೆ ಬಹಳ ಅನುಕೂಲವಾಗಿತ್ತು. ಪೆನ್ನು ನನ್ನ ಹತ್ತಿರ ಬಂದಾಗ ಸಹಿ ಹಾಕಿದೆ.

ಗುರುವಾರ ಹೇಮಾಳ ಅಪ್ಪ ಅಮ್ಮನನ್ನು ಕರೆಸಿದರು. ಪ್ರಭುಸ್ವಾಮಿಯವರು ಡ್ಯೂಟಿಯ ನಡುವೆಯೇ ಖಾಕಿ ಬಟ್ಟೆಯಲ್ಲಿ ಬಂದಿದ್ದರು. ಪುಟ್ಟಬಸಮ್ಮ ಓಣಿಯಲ್ಲಿ ನನ್ನನ್ನು ಕಂಡು ಕೈ ಹಿಡಿದುಕೊಂಡರು.

"ಏನಾಯ್ತವ್ವ ಅನನ್ಯ? ನಿಮ್ ಕೂಟೆ ಕೇಳ್ದೆ ಇವ್ಳೊಬ್ಳೆ ಯಾಕವ್ವ ಬರುದ್ಲು ಅಂಗೆ? ಮಾಧವಪ್ಪ ಎಲ್ಲಿ? ಅವ್ನು ಒಂದ್ ಮಾತು ಯೋಳುದ್ರೆ ಆಯ್ತದಲ್ವಾ?"

ಮಾಧವ ಅವತ್ತು ಕಾಲೇಜಿಗೇ ಬಂದಿರಲಿಲ್ಲ. ನಾನು ಕ್ಲಾಸಿದೆ ಅಂತ ಹೇಳಿ ಕೈ ಬಿಡಿಸಿಕೊಂಡೆ.

ಹದಿನೈದು ದಿನ ಸಸ್ಪೆಂಡ್. ಜೊತೆಗೆ ಕ್ಷಮಾಪಣೆ ಬರೆಯಬೇಕು, ತನ್ನದೇ ಕೈಬರಹದಲ್ಲಿ, ಅದೇ ಹಲಗೆಯ ಮೇಲೆ ಅಂಟಿಸಬೇಕು. ಇಲ್ಲವಾದರೆ ಟಿ.ಸಿ. ಕೊಟ್ಟು ಕಳಿಸುತ್ತೇವೆ ಅಂದರು. ಹೇಮಾ ಬರೆದಳು. ಬಿಳಿ ಹಾಳೆ, ಅಂಚಿಲ್ಲ, ಚಿತ್ರವಿಲ್ಲ, ಕಪ್ಪು ಶಾಯಿಯಲ್ಲಿ ಐದು ಸಾಲು. ಅಕ್ಷರ ಮಾತ್ರ ಎಂದಿನಂತೆಯೇ ದುಂಡಗೆ. ಅದು ಇಡೀ ವಾರ ಅಲ್ಲಿತ್ತು. ಲೈಬ್ರರಿಗೆ ಹೋಗುವವರು ಅದರ ಮುಂದೆ ಬಂದಾಗ ಮಾತು ನಿಲ್ಲಿಸಿ ಬೇಗ ಬೇಗ ದಾಟುತ್ತಿದ್ದರು.

ಹದಿನಾರನೇ ದಿನ ಅವಳು ಬಂದು ನೇರ ಕ್ಯಾಂಟೀನಿಗೆ ಹೋದಳು. ಮಾಧವ ಟೀ ಕುಡಿಯುತ್ತಿದ್ದ. ನಾನು ಅದೇ ಮೇಜಿನಲ್ಲಿದ್ದೆ.

"ನಾನು ಒಪ್ಕೊಂಡಿದ್ದೀನಿ ಅಂದ್ಯಂತೆ. ಯಾವಾಗ ಒಪ್ಕೊಂಡೆ ಮಾಧವ?" ಅಂದಳು. ದನಿ ಏರಿಸಲಿಲ್ಲ.

"ಹೇಮಾ, ಕೂತ್ಕೋ. ಬಳಗ ಉಳೀಬೇಕಿತ್ತು. ನೀನು ನನ್ನ ಜಾಗದಲ್ಲಿದ್ದಿದ್ರೆ..."

"ಬಳಗ ಅಂದ್ರೆ ಯಾರು?"

ಮಾಧವ ಲೋಟ ನೋಡುತ್ತಾ ಕೂತ.

"ಅವತ್ತು ಪ್ರಿನ್ಸಿಪಾಲ್ ನಮ್ಮಪ್ಪನ್ನ ನಿಲ್ಸಿ, ಮಗಳಿಗೆ ಇದೇನಾ ಕಲಿಸಿರೋದು ಅಂದ್ರು. ನಮ್ಮಪ್ಪ ಟೋಪಿ ಕೈಯಲ್ಲಿ ಹಿಡ್ಕೊಂಡು, ತಪ್ಪಾಯ್ತು ಸಾರ್ ಅಂದ್ರು. ಏನ್ ತಪ್ಪು ಅಂತ ಅವ್ರಿಗೆ ಇನ್ನೂ ಗೊತ್ತಿಲ್ಲ. ನೀನೇ ಬಂದು ಹೇಳ್ತೀಯಾ? ಭಾನುವಾರ ಬರ್ತಿದ್ಯಲ್ಲ, ಅಂಗೇ ಬಾ."

ಅವನು ಹೋಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಆ ಮನೆಯ ಹೊಸ್ತಿಲನ್ನು ಅವನು ಮತ್ತೆ ತುಳಿಯಲೇ ಇಲ್ಲ.

ಮಾತಿನಂತೆ ಸಭಾಂಗಣ ತಿಂಗಳಿಗೆ ಎರಡು ಶನಿವಾರ ಸಿಕ್ಕಿತು. ಆ ವರ್ಷ ಬಳಗದ ನಾಟಕ ಅಂತರ ಕಾಲೇಜು ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆಯಿತು. ಮಾಧವ ಸಾಂಸ್ಕೃತಿಕ ಕಾರ್ಯದರ್ಶಿಯಾದ. ವೇದಿಕೆಯ ಮೇಲೆ ಪುಟ್ಟಬಸಮ್ಮ ಹೊಲಿದ ಜುಬ್ಬಾ ತೊಟ್ಟೇ ಬಹುಮಾನ ತೆಗೆದುಕೊಂಡ. ಗೋಡೆ ಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪ್ರಿಂಟ್ ತೆಗೆದು ಅಂಟಿಸುವುದು ಶುರುವಾಯಿತು. ಅಂಟಿಸುವ ಮೊದಲು ಒಂದು ಪ್ರತಿ ಆಫೀಸಿಗೆ ಹೋಗಿ ಸೀಲ್ ಹಾಕಿಸಿಕೊಂಡು ಬರಬೇಕಿತ್ತು. ಲಗ್ನಪತ್ರಿಕೆಯಂಥದ್ದು ಮತ್ತೆ ಬರಲಿಲ್ಲ. ಓದಲು ನಿಲ್ಲುವವರೂ ಕಡಿಮೆಯಾದರು. ನಾನು ಬಳಗ ಬಿಡಲಿಲ್ಲ. ನಾಟಕದಲ್ಲಿ ನನಗೊಂದು ಒಳ್ಳೆಯ ಪಾತ್ರವಿತ್ತು.

ಹೇಮಾ ಮಾತ್ರ ಏನೂ ಆಗದವಳಂತೆ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಚಿತ್ರಾನ್ನ ಹಂಚಿಕೊಳ್ಳುತ್ತಿದ್ದಳು, ನಾನು ತಪ್ಪಿಸಿಕೊಂಡ ಕ್ಲಾಸಿನ ನೋಟ್ಸ್ ಬರೆದುಕೊಡುತ್ತಿದ್ದಳು. ಬಳಗದ ಮಾತು ಬಂದರೆ ಕಿಟಕಿಯ ಕಡೆ ನೋಡುವಳು. ಪತ್ರದಲ್ಲಿ ನನ್ನ ಸಹಿಯೂ ಇದೆ ಅನ್ನುವುದು ಅವಳಿಗೆ ತಿಳಿದಿಲ್ಲ, ಆ ಪತ್ರ ಪ್ರಿನ್ಸಿಪಾಲರ ಬೀರುವಿನಲ್ಲಿ ಕೊಳೆಯುತ್ತಿದೆ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೆ. ಇಂದು ಹೇಳೋಣ, ನಾಳೆ ಹೇಳೋಣ ಅಂದುಕೊಳ್ಳುತ್ತಲೇ ಡಿಗ್ರಿ ಮುಗಿಯಿತು.

ಅವಳು ಬಿ.ಎಡ್. ಮಾಡಿ ಈಗ ಮನೆಯ ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಕಳೆದ ಜೂನ್‌ನಲ್ಲಿ ಒಂದು ಭಾನುವಾರ ಅವಳ ಮನೆಗೆ ಹೋದೆ. ಪುಟ್ಟಬಸಮ್ಮ ಯಾರದೋ ಮದುವೆಯ ಬ್ಲೌಸಿಗೆ ಕೊಕ್ಕೆ ಹಾಕುತ್ತಿದ್ದರು. "ಬಾವ್ವ, ಎಷ್ಟ್ ವರ್ಸ ಆಯ್ತು," ಅಂತ ಎದ್ದು ಕಾಫಿಗಿಡಲು ಒಳಗೆ ಹೋದರು. ಹೇಮಾ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದಳು. ಅವಳ ಎದುರು ಕೂತು ಹೇಳಿಬಿಟ್ಟೆ. ಪತ್ರ, ಕ್ಯಾಂಟೀನು, ಕೈಯಲ್ಲಿದ್ದ ಫೋನು, ಎಲ್ಲ. ಹೇಳುವಾಗ ಅತ್ತೆ.

ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಗೊತ್ತಿತ್ತು ಕಣೇ. ಅಪ್ಪ ಅಮ್ಮನ್ನ ಕರೆಸಿದ್ರಲ್ಲ, ಅವತ್ತೇ ಪ್ರಿನ್ಸಿಪಾಲ್ ಆ ಪತ್ರನ ನನ್ನ ಮುಂದಿಟ್ಟು, ನೋಡು ನಿನ್ನ ಫ್ರೆಂಡ್ಸ್ ಏನ್ ಬರ್ದಿದ್ದಾರೆ ಅಂದ್ರು. ಹತ್ತು ಸಹಿ. ನಿಂದು ಮೂರನೇದು."

ಕಣ್ಣೊರೆಸಿಕೊಂಡು ಕೇಳಿದೆ. "ಮತ್ತೆ ಒಂದೂವರೆ ವರ್ಷ ನನ್ನ ಪಕ್ಕದಲ್ಲಿ ಕೂತಿದ್ಯಲ್ಲ. ಒಂದು ಸಲಾನೂ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಬೇರೆ ಬೆಂಚಿಗೆ ಹೋಗ್ತಿದ್ದೆ. ಆಗ ಇಡೀ ಕ್ಲಾಸಲ್ಲಿ ನನ್ನ ಜೊತೆ ಮಾತಾಡ್ತಿದ್ದವಳು ನೀನೊಬ್ಳೆ. ನಂಗೆ ಪಕ್ಕದಲ್ಲಿ ಯಾರಾದ್ರೂ ಬೇಕಿತ್ತು ಅನನ್ಯ." ಆಮೇಲೆ ಸಿಟ್ಟಿಲ್ಲದೆ, ಮಕ್ಕಳಿಗೆ ಪಾಠ ತಿಳಿಸುವ ದನಿಯಲ್ಲಿ ಹೇಳಿದಳು. "ಮಾಧವನ ವಿಷಯ ಒಂದು ತಿಂಗಳಲ್ಲಿ ಮರೆತುಬುಟ್ಟೆ. ಅವನು ಅಂಥವನು ಅಂತ ಆಯ್ತು. ನೀನು ಇವತ್ತು ಹೇಳ್ತೀಯಾ, ನಾಳೆ ಹೇಳ್ತೀಯಾ ಅಂತ ದಿನಾ ಕಾಯ್ತಿದ್ದೆ. ಕೊನೇ ಪರೀಕ್ಷೆ ದಿನಾನೂ ಕಾದೆ."

"ಈಗ ಹೇಳಿದ್ನಲ್ಲ ಹೇಮಾ."

"ಹ್ಞೂಂ. ಈಗ ನನಗದು ಬೇಕಾಗಿಲ್ಲ."

ಪುಟ್ಟಬಸಮ್ಮ ಕಾಫಿ ತಂದರು. ಹೇಮಾ ತನ್ನ ಲೋಟ ಎತ್ತಿಕೊಂಡು, ತಿದ್ದುವುದು ಬಹಳ ಇದೆ ಅಂತ ಹೇಳಿ ಕಟ್ಟಿನ ಸಮೇತ ಒಳಗಿನ ಕೋಣೆಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ನಾನು ಕಾಫಿ ಕುಡಿಯುವವರೆಗೂ ಒಳಗೆ ಹಾಳೆ ತಿರುವುವ ಸದ್ದು ಕೇಳುತ್ತಿತ್ತು. ಏನೂ ತಿಳಿಯದ ಪುಟ್ಟಬಸಮ್ಮ ನನ್ನನ್ನು ಗೇಟಿನವರೆಗೆ ಕಳಿಸಲು ಬಂದರು.

"ಆಗಾಗ ಬತ್ತಾ ಇರವ್ವ. ಅವ್ಳಿಗೂ ಫ್ರೆಂಡ್ಸು ಅಂತ ಇನ್ಯಾರವ್ರೆ?"

ಬರ್ತೀನಿ ಅಂದೆ. ದೀಪಾವಳಿಗೆ ಫೋನ್ ಮಾಡಿದೆ, ಅವಳು ಎತ್ತಲಿಲ್ಲ. ಯುಗಾದಿಗೂ ಎತ್ತಲಿಲ್ಲ.